ಹಿಮ ತಿಂದ ಗುಬ್ಬಿ

ಮತ್ತೆ ತಲೆ ಆಡಿಸಿಬಿಟ್ಟೆನಲ್ಲ ಎಂದು ಒಟಿಲಿ ಹಾಲ್ವರ್ಸನ್ ಕತ್ತಲಲ್ಲಿ ಕೂತು ತನ್ನನ್ನೇ ಬೈದುಕೊಂಡಳು.

ಇದು ಅವಳ ಹಳೆಯ ಕಾಯಿಲೆ. ಯಾರಾದರೂ ಕೊಂಚ ಜೋರಾಗಿ ಏನಾದರೂ ಕೇಳಿದರೆ ಸಾಕು, ಮನಸ್ಸು ಇನ್ನೂ ಉತ್ತರ ಹುಡುಕುತ್ತಿರುವಾಗಲೇ ಕತ್ತು ಮುಂದೆ ಹೋಗಿ ಒಪ್ಪಿಕೊಂಡು ಬಂದಿರುತ್ತಿತ್ತು. ಮಿನೆಸೋಟದ ಕಾಲೇಜಿನಲ್ಲಿ ಇತಿಹಾಸ ಓದಿ ಪದವಿ ಪಡೆದವಳು, ರಾಜರನ್ನೂ ಸೇನಾಪತಿಗಳನ್ನೂ ಪರೀಕ್ಷೆಯ ಹಾಳೆಯಲ್ಲಿ ಹಿಗ್ಗಾಮುಗ್ಗಾ ಝಾಡಿಸಿದವಳು, ಎದುರಿಗೆ ಜೀವಂತ ಮನುಷ್ಯ ನಿಂತರೆ ಮಾತ್ರ ಹಸುವಿನ ಹಾಗೆ ತಲೆ ಆಡಿಸುತ್ತಿದ್ದಳು. ನನ್ನ ಕತ್ತು ನನ್ನದಲ್ಲ ಎಂದು ಆ ಬೆಳಿಗ್ಗೆಯೂ ಡೈರಿಯಲ್ಲಿ ಬರೆದು ಬಂದಿದ್ದಳು.

ಈ ಸಲ ಅವಳು ಒಪ್ಪಿಕೊಂಡದ್ದು ಲೊರಿಮರ್ ಪ್ರೆಸ್ಕಾಟ್‌ನ ಮಾತನ್ನು. ಗ್ರಾಂಥಮ್ ಸ್ಟುಡಿಯೋದ ಪ್ರಚಾರ ವಿಭಾಗ ಅವನ ಕೈಯಲ್ಲಿತ್ತು. ಕುಡಿದ ನಾಯಕನನ್ನು ಉಪವಾಸದ ಸಂತನನ್ನಾಗಿಯೂ, ಸಂತನಂಥವನನ್ನು ಕುಡುಕನನ್ನಾಗಿಯೂ ಸಂಜೆಯ ಪತ್ರಿಕೆ ಅಚ್ಚಾಗುವುದರೊಳಗೆ ಮಾಡಿಕೊಡುವುದು ಅವನ ಕಸುಬು. ತೆಳು ಮೀಸೆ, ಎಣ್ಣೆಗೂದಲು, ಯಾರನ್ನು ನೋಡಿದರೂ ಸೆಕೆಂಡ್‌ಹ್ಯಾಂಡ್ ಕಾರು ನೋಡಿದಂತೆ ನೋಡುವ ಕಣ್ಣು.

"ಕೂತ್ಕೋ ಕಾಲೇಜಮ್ಮ," ಎಂದಿದ್ದ, ಸ್ಟುಡಿಯೋದ ಪುಟ್ಟ ಪ್ರದರ್ಶನ ಕೋಣೆಗೆ ಅವಳನ್ನು ಕರೆತಂದು. "ಫೆಬ್ರವರೀಲಿ ಬೆಟ್ಟದ ಮೇಲೆ ನೀನು ಏನೇನು ಕಂಡೆ ಅನ್ನೋದನ್ನ ಈಗ ನೋಡ್ಕೊಂಡುಬಿಡು. ಊಟದ ಹೊತ್ತಿಗೆ ಪೇಪರಿನೋರು ಬರ್ತಾರೆ. ಸರ್ಕಾರಿ ವಕೀಲರೂ ಬರ್ತಾರೆ. ಅವರ ಮುಂದೆ ಹೇಳಿ ಸಹಿ ಹಾಕಬೇಕು. ಆಯ್ತಾ?"

ಆಯ್ತು ಎಂದು ಕತ್ತು ಹೇಳಿಬಿಟ್ಟಿತ್ತು.

ಫೆಬ್ರವರಿಯಲ್ಲಿ ಒಟಿಲಿ ಯಾವ ಬೆಟ್ಟವನ್ನೂ ಹತ್ತಿರಲಿಲ್ಲ.

ಹತ್ತಿದ್ದು ಅವಳ ಪೆನ್ನು. ಸ್ಟುಡಿಯೋದ ದೊಡ್ಡ ತಾರೆ ಡೆಲ್ಫಿನ್ ಹೇಲ್‌ಳ 'ದಿನಚರಿ' ಪ್ರತಿ ತಿಂಗಳೂ ಸಿನಿಮಾ ಪತ್ರಿಕೆಯೊಂದರಲ್ಲಿ ಬರುತ್ತಿತ್ತು. ಊರೂರಿನ ಹೆಣ್ಣುಮಕ್ಕಳು ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿಕೊಳ್ಳುತ್ತಿದ್ದರು. ಅದರ ಒಂದೊಂದು ಅಕ್ಷರವೂ ಪ್ರೆಸ್ಕಾಟ್‌ನ ಕೈಕೆಳಗೆ ದುಡಿಯುವ ಒಟಿಲಿಯದು. ಫೆಬ್ರವರಿಯಲ್ಲಿ ಡೆಲ್ಫಿನ್‌ಗೆ ಮಂಗನಬಾವು ಬಂದು ಮುಖ ಕುಂಬಳಕಾಯಿಯಾಗಿತ್ತು. ತಾರೆಯರಿಗೆ ಮಂಗನಬಾವು ಬರಕೂಡದು. ಹಾಗಾಗಿ ಒಟಿಲಿ ಅವಳನ್ನು ಕಾಗದದ ಮೇಲೆ ಬೆಟ್ಟದ ವಸತಿಗೃಹಕ್ಕೆ ಕಳಿಸಿ, ಸುತ್ತ ಹಿಮ ಸುರಿಸಿ, ಜೊತೆಗೆ 'ನನ್ನ ಸಂಕೋಚದ ಗೆಳತಿ ಒಟಿಲಿ'ಯನ್ನೂ ಸೇರಿಸಿದ್ದಳು. ತನ್ನ ಹೆಸರು ಎಲ್ಲಾದರೂ ಅಚ್ಚಾಗಲಿ ಎಂಬ ಚಿಕ್ಕ ಆಸೆಗೆ ಮಾಡಿದ ಕೆಲಸ. ಈಗ ಅದೇ ಹಗ್ಗ ಕುತ್ತಿಗೆಗೆ ಬಂದಿತ್ತು.

"ಗಸ್, ಹಾಕು," ಎಂದು ಪ್ರೆಸ್ಕಾಟ್ ಮೇಲಿನ ಪ್ರೊಜೆಕ್ಟರ್ ಕಿಂಡಿಯತ್ತ ಕೂಗಿದ. ಯಂತ್ರ ಗೊರಗುಟ್ಟಿತು.

ಪರದೆಯ ಮೇಲೆ ಹಿಮ. ಪೈನ್ ಮರಗಳು. ಮರದ ಮೆಟ್ಟಿಲಿನ ವಸತಿಗೃಹ. ಹಿನ್ನೆಲೆಯಲ್ಲಿ ಗಡಸು ಗಂಟಲಿನ ವಿವರಣೆಕಾರ: ರಜೆಗೆ ಹೋದ ನಮ್ಮ ನೆಚ್ಚಿನ ತಾರೆಯ ಕೈಕ್ಯಾಮೆರಾದಲ್ಲಿ ಅಚಾನಕ್ಕಾಗಿ ಸೆರೆಯಾದ ದೃಶ್ಯವಿದು, ಮತದಾರ ಬಂಧುಗಳೇ, ಕಣ್ಣಾರೆ ನೋಡಿ.

ಮೆಟ್ಟಿಲು ಹತ್ತಿ ಬಂದವನು ಎಜ್ರಾ ಫೆನ್‌ವಿಕ್. ಪೇಪರುಗಳಲ್ಲಿ ಕಂಡ ಅದೇ ಬಿಳಿ ಗಡ್ಡ, ಅದೇ ಸೊಟ್ಟ ಹ್ಯಾಟು. ಹಳೆಯ ಮೇಷ್ಟ್ರು, ಈ ಸಲ ಗವರ್ನರ್ ಚುನಾವಣೆಗೆ ನಿಂತವನು. ಕೆಲಸವಿಲ್ಲದವರಿಗೆ ಊಟ, ಸ್ಟುಡಿಯೋಗಳಿಗೆ ತೆರಿಗೆ ಎಂದು ಅವನು ಹೇಳಿದ ದಿನದಿಂದ ಈ ಊರಿನ ದೊಡ್ಡ ಬಂಗಲೆಗಳಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಮಂಗಳವಾರ ಮತದಾನ. ಪರದೆಯ ಮೇಲೆ ಆ ಫೆನ್‌ವಿಕ್ ಕಪ್ಪು ಓವರ್‌ಕೋಟಿನ ದಪ್ಪ ಮನುಷ್ಯನೊಬ್ಬನ ಕೈ ಹಿಡಿದು ಕುಲುಕಿದ, ಹೆಗಲು ತಟ್ಟಿದ. ಇವನೇ ಸಮುದ್ರದ ಕಳ್ಳ ಜೂಜಿನ ಹಡಗುಗಳ ಒಡೆಯ ಎಂದಿತು ಗಡಸು ಗಂಟಲು. ಒಡೆಯನ ಮುಖ ಕಾಣಲಿಲ್ಲ. ಬೆನ್ನು ಮಾತ್ರ. ಮಡಿಕೆ ಬಿದ್ದ ಕೊಬ್ಬಿದ ಕತ್ತು, ಮೇಲಂಚು ಚಪ್ಪಟೆಯಾದ ಎಡಗಿವಿ. ಆ ಕಿವಿಯ ತುದಿಯನ್ನು ಅವನು ಒಮ್ಮೆ ಎಳೆದುಕೊಂಡ.

ಒಟಿಲಿ ಹುಟ್ಟಿ ಬೆಳೆದದ್ದು ವರ್ಷದ ಅರ್ಧ ಭಾಗ ಹಿಮ ಕೆರೆಯುವ ಊರಿನಲ್ಲಿ. ಅವಳಿಗೆ ಮೊದಲು ಕಸಿವಿಸಿಯಾದದ್ದು ಉಸಿರಿನಿಂದ. ಫೆನ್‌ವಿಕ್ ಅಷ್ಟು ಹಿಮದಲ್ಲಿ ನಿಂತು ಬಾಯಿ ತೆರೆದು ನಗುತ್ತಿದ್ದಾನೆ, ಬಾಯಿಂದ ಹಬೆಯೇ ಇಲ್ಲ.

ಆಮೇಲೆ ಗುಬ್ಬಿ ಬಂತು.

ಪರದೆಯ ಮೂಲೆಯಲ್ಲಿ, ಮೆಟ್ಟಿಲಿನ ಬುಡಕ್ಕೆ. ಹಿಮವನ್ನು ಕೆದಕಲಿಲ್ಲ, ಕೆಳಗಿನ ಕಾಳನ್ನು ಹುಡುಕಲಿಲ್ಲ. ಹಿಮದ ಒಂದು ಚೂರನ್ನೇ ಕೊಕ್ಕಿನಲ್ಲಿ ಕಚ್ಚಿ ಎರಡಾಗಿ ಮುರಿಯಿತು. ಇನ್ನೊಂದು ಗುಬ್ಬಿ ಹಾರಿಬಂದು ಅದನ್ನು ಕಸಿಯಲು ನೋಡಿತು. ಎರಡೂ ಸೇರಿ ಹಿಮಕ್ಕಾಗಿ ಜಗಳ ಕಾದವು.

ಒಟಿಲಿಯ ಕೈ ತಾನಾಗಿ ಮಡಿಲಲ್ಲಿದ್ದ ಚೀಲಕ್ಕೆ ಹೋಯಿತು. ಅದರೊಳಗೆ ಪೌಡರಿನ ತಗಡಿನ ಡಬ್ಬಿ. ಡಬ್ಬಿಯೊಳಗೆ ಕೊವಾಕ್‌ನ ಪ್ಯಾಂಟಿನ ಮಡಿಕೆಯಿಂದ ಉದುರಿದ ಬಿಳಿ ಚಕ್ಕೆಗಳು.

ಡೆನೆಶ್ ಕೊವಾಕ್ ಅವಳ ಬೋರ್ಡಿಂಗ್ ಮನೆಯಲ್ಲಿ ಪಕ್ಕದ ಕೋಣೆಯವನು. ಮೂಕಿ ಚಿತ್ರಗಳ ಕಾಲದಲ್ಲಿ ರಾಜ, ಬಿಷಪ್, ಸೆನೆಟರ್ ಎಲ್ಲ ಆಗಿದ್ದ. ಚಿತ್ರಗಳಿಗೆ ಮಾತು ಬಂದ ದಿನ ಅವನ ಹಂಗೇರಿಯ ನಾಲಿಗೆ ಕೇಳಿ ಎಲ್ಲರೂ ನಕ್ಕರು, ಕೆಲಸ ಹೋಯಿತು. ಊಟದ ಮೇಜಿನಲ್ಲಿ ಇವಳ ಸಂಕೋಚವನ್ನು ಗೇಲಿ ಮಾಡದ ಒಬ್ಬನೇ ಮನುಷ್ಯ. ಹೋದ ವಾರ ಕಣಿವೆ ರಸ್ತೆಯ ಕೆಳಗೆ ಹೆಣವಾಗಿ ಸಿಕ್ಕಿದ. ಕುಡಿದು ಬಿದ್ದ ಎಂದು ಕೌಂಟಿಯ ಸರ್ಕಾರಿ ವಕೀಲರ ಕಚೇರಿ ಕೈತೊಳೆದುಕೊಂಡಿತು. ಹಕ್ಕುದಾರರಿಲ್ಲದ ಅವನ ಬಟ್ಟೆ ಮನೆಯೊಡತಿಯ ಕೈಗೆ ಬಂದಾಗ ಒಗೆಯಲು ಕೂತವಳು ಒಟಿಲಿ. ಆ ಚಕ್ಕೆಗಳು ಸಾಬೂನೋ ಸುಣ್ಣವೋ ಎಂದು ತಿಳಿಯದೆ ಎತ್ತಿಟ್ಟುಕೊಂಡಿದ್ದಳು.

ಕತ್ತಲಲ್ಲಿ ಒಂದು ಚಕ್ಕೆಯನ್ನು ನಾಲಿಗೆಯ ತುದಿಗೆ ಇಟ್ಟಳು. ಮೊದಲು ಸುಣ್ಣದ ಕಹಿ. ಅದರ ಹಿಂದೆ, ಸ್ಪಷ್ಟವಾಗಿ, ಜೋಳ. ದಿನಾ ಬೆಳಿಗ್ಗೆ ಬೋರ್ಡಿಂಗ್ ಮನೆಯಲ್ಲಿ ತಣ್ಣನೆ ಹಾಲಿಗೆ ಹಾಕಿ ಕೊಡುವ ಅದೇ ಕಾರ್ನ್‌ಫ್ಲೇಕ್ಸ್.

ಪರದೆಯ ಮೇಲೆ ಫೆನ್‌ವಿಕ್ ಮೆಟ್ಟಿಲಿಳಿಯುತ್ತಿದ್ದ. ಅಡ್ಡಡ್ಡವಾಗಿ, ಏಡಿಯಂತೆ, ಒಂದೊಂದೇ ಮೆಟ್ಟಿಲು. ಕುದುರೆಯಿಂದ ಬಿದ್ದು ಮೊಣಕಾಲು ಕೆಟ್ಟವರು ಇಳಿಯುವ ಹಾಗೆ. ಬೋರ್ಡಿಂಗ್ ಮನೆಯ ಮೆಟ್ಟಿಲನ್ನು ಹಾಗೆ ಇಳಿಯುತ್ತಿದ್ದವನು ಒಬ್ಬನೇ.

ಗಡ್ಡ ಫೆನ್‌ವಿಕ್‌ನದು. ಕಾಲು ಕೊವಾಕ್‌ನದು.

ದೀಪ ಹತ್ತಿತು. ಪ್ರೆಸ್ಕಾಟ್ ಗಸ್‌ನ ಜೊತೆ ಏನೋ ಮಾತಾಡಲು ಮೇಲೆ ಹೋದ. ಹಿಂದಿನ ಸಾಲಿನಿಂದ ಒಂದು ಆಕಳಿಕೆ ಕೇಳಿಸಿತು.

"ಬೆವರಿಳಿತಾ ಇತ್ತು ಕಣೇ ಅವತ್ತು," ಎಂದಳು ಡೆಲ್ಫಿನ್ ಹೇಲ್. ಎರಡು ಕುರ್ಚಿಗಳ ಮೇಲೆ ಕಾಲು ಚಾಚಿ, ಬೂಟು ಬಿಚ್ಚಿ, ಬೆರಳು ತಿಕ್ಕಿಕೊಳ್ಳುತ್ತಿದ್ದಳು. "ಹೋದ ವಾರ, ಸ್ಟುಡಿಯೋ ಹಿಂದಿನ ಬಯಲಲ್ಲಿ, ಉರಿ ಬಿಸಿಲಲ್ಲಿ ಹಿಮವಂತೆ. ಎಲ್ಲಾ ಕಾರ್ನ್‌ಫ್ಲೇಕ್ಸು. ಸುಣ್ಣ ಹೊಡೆದು ಫ್ಯಾನ್ ಹಾಕಿ ಹಾರಿಸಿದ್ರು. ನನ್ನ ಕಾಲುಚೀಲದೊಳಗೆಲ್ಲಾ ಸೇರ್ಕೊಂಡಿತ್ತು. ಏನು ಹಾಗೆ ನೋಡ್ತೀಯಾ? ನೀನು ಬರೆದ ಹಿಮಕ್ಕಿಂತ ಅದೇ ವಾಸಿ."

ಒಟಿಲಿ ಪಿಸುಗುಟ್ಟಿದಳು. "ಫೆನ್‌ವಿಕ್ ಆಗಿದ್ದದ್ದು... ಕೊವಾಕ್ ಅಲ್ವಾ?"

ಡೆಲ್ಫಿನ್‌ಳ ಬೆರಳು ನಿಂತಿತು.

"ಆ ಮುದುಕನ ಹೆಸರು ಅದಾ? ನಂಗೆ ಹೆಸರು ಕೇಳೋ ಅಭ್ಯಾಸ ಇಲ್ಲ." ಅವಳು ಕಿಂಡಿಯತ್ತ ನೋಡಿ ದನಿ ತಗ್ಗಿಸಿದಳು. "ಒಳ್ಳೇವ್ನು. ನಂಗೆ ಕುರ್ಚಿ ತಂದುಕೊಟ್ಟ. ಮಧ್ಯಾಹ್ನ ಅವನಿಗೆ ಗೊತ್ತಾಯ್ತು ನೋಡು, ಇದು ಸಿನಿಮಾ ಅಲ್ಲ, ಚುನಾವಣೆಗೆ ಅಂತ. ನಾನು ರಾಜನ ಪಾರ್ಟು ಮಾಡಿದೀನಿ, ಕಳ್ಳನ ಪಾರ್ಟೂ ಮಾಡಿದೀನಿ, ಒಬ್ಬ ಮರ್ಯಾದಸ್ಥನ್ನ ಕಳ್ಳ ಮಾಡೋ ಪಾರ್ಟು ಮಾಡಲ್ಲ ಅಂತ ಗಡ್ಡ ಕಿತ್ತು ಬಿಸಾಕಿದ. ಹೋಗಿ ಫೆನ್‌ವಿಕ್‌ಗೇ ಹೇಳ್ತೀನಿ ಅಂದ."

"ಆಮೇಲೆ?"

"ಆಮೇಲೇನು. ಆ ದಪ್ಪ ಕತ್ತಿನೋನು ಹೆಗಲ ಮೇಲೆ ಕೈ ಹಾಕಿ, ಬನ್ನಿ ಯಜಮಾನ್ರೇ ಮನೆಗೆ ಬಿಡ್ತೀನಿ ಅಂತ ತನ್ನ ಕಾರಲ್ಲಿ ಕೂರಿಸ್ಕೊಂಡ."

"ಯಾರವನು?"

"ಯಾರಿಗ್ಗೊತ್ತು. ಬಂದಾಗಿಂದ ಮುಖಕ್ಕೆ ಮಫ್ಲರ್ ಸುತ್ಕೊಂಡಿದ್ದ, ಕ್ಯಾಮೆರಾ ಓಡೋವಾಗ ಮಾತ್ರ ಬಿಚ್ಚಿ ಬೆನ್ನು ತಿರುಗಿಸ್ದ. ಇನ್ನೊಬ್ಬ ನಟನ್ನ ಕರೆದ್ರೆ ಗುಟ್ಟು ಬಿಡೋಕೆ ಇನ್ನೊಂದು ಬಾಯಿ ಆಗುತ್ತೆ ಅಂತ ತಾನೇ ನಿಂತ್ಕೊಂಡ. ಕ್ಯಾಮೆರಾ ಕಡೆ ತಿರುಗಬೇಡಿ ಸಾರ್, ತಿರುಗಬೇಡಿ ಸಾರ್ ಅಂತ ಪ್ರೆಸ್ಕಾಟ್ ಬಾಯಿ ಬಡ್ಕೊಂಡ್ರೂ ತಿರುಗೋಕೇ ನೋಡ್ತಿದ್ದ. ಕ್ಯಾಮೆರಾ ಕಂಡ್ರೆ ಎಂಥವನಿಗೂ ಮೈ ಕೆರೆಯುತ್ತೆ ಕಣೇ."

ಸಾರ್. ಒಟಿಲಿ ಆ ಪದವನ್ನು ಹಿಡಿದುಕೊಂಡಳು. ಗುಂಪಿನ ದೃಶ್ಯಕ್ಕೆ ನಿಲ್ಲುವವರನ್ನು ಪ್ರೆಸ್ಕಾಟ್ ಏಯ್ ಎಂದೋ, ಹೇ ಹಸಿರು ಟೈ ಎಂದೋ ಕರೆಯುತ್ತಿದ್ದ. ತಾರೆಯರನ್ನು ಚಿನ್ನ ಎನ್ನುತ್ತಿದ್ದ. ಅವನ ಬಾಯಲ್ಲಿ ಸಾರ್ ಎಂದು ಬರುವುದು, ಅವನನ್ನು ಜೈಲಿಗೆ ಹಾಕಬಲ್ಲವರಿಗೆ ಮಾತ್ರ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಡೆಲ್ಫಿನ್ ತಕ್ಷಣ ಕಣ್ಣು ಮುಚ್ಚಿ ನಿದ್ದೆಯ ನಟನೆ ಶುರು ಮಾಡಿದಳು. ಚಿತ್ರಗಳಲ್ಲಿ ಮಾಡುವುದಕ್ಕಿಂತ ಚೆನ್ನಾಗಿಯೇ ಮಾಡಿದಳು.

ಪ್ರೆಸ್ಕಾಟ್ ಒಟಿಲಿಯ ಮುಂದಿನ ಕುರ್ಚಿಯನ್ನು ತಿರುಗಿಸಿಕೊಂಡು ಕೂತ.

"ಏನು ಕಂಡೆ, ಹೇಳು ನೋಡೋಣ."

"ಹಿಮ," ಎಂದಳು ಒಟಿಲಿ.

"ಭೇಷ್. ಮತ್ತೆ?"

"ಗುಬ್ಬಿ."

ಪ್ರೆಸ್ಕಾಟ್‌ನ ಮುಖದಲ್ಲಿ ನಗು ಇದ್ದಲ್ಲೇ ಹೆಪ್ಪುಗಟ್ಟಿತು. ಅವನು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದನೋ, ಗುಬ್ಬಿಯನ್ನು ಮಾತ್ರ ನೋಡಿರಲಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಹಿಮವನ್ನೇ ಕಾಣದ ಊರು ಇದು. ಹಿಮವೆಂದರೆ ಗೋದಾಮಿನಿಂದ ಮೂಟೆಯಲ್ಲಿ ಬರುವ ಸಾಮಾನು ಎಂದು ನಂಬಿದ ಜನ. ತಿನ್ನುವ ಪದಾರ್ಥ ಸುರಿದರೆ ತಿನ್ನುವವರು ಬರುತ್ತಾರೆಂಬಷ್ಟು ಲೋಕಜ್ಞಾನವೂ ಇಲ್ಲದವರು ಒಂದು ರಾಜ್ಯದ ಗವರ್ನರನನ್ನು ಆರಿಸಲು ಹೊರಟಿದ್ದರು.

"ಗುಬ್ಬಿ ಇದ್ರೆ ಇರ್ಲಿ," ಎಂದ ಅವನು ನಿಧಾನವಾಗಿ. "ಮತ ಹಾಕೋನು ಗುಬ್ಬಿ ನೋಡಲ್ಲ. ಗಡ್ಡ ನೋಡ್ತಾನೆ. ಇಡೀ ದೇಶಕ್ಕೆ ಕೂಲಿಕಾರನ ಮಗಳನ್ನ ರಷ್ಯದ ರಾಜಕುಮಾರಿ ಅಂತ ಮಾರಿದವನು ನಾನು. ಕೊಂಡ್ಕೊಂಡ್ರು. ಯಾಕೆ ಗೊತ್ತಾ? ಜನ ಅಂದ್ರೆ ಬಾಯಿ ತೆರೆದು ಕೂತ ಮರಿಗಳು. ಏನು ಹಾಕಿದ್ರೂ ನುಂಗ್ತಾರೆ."

ಒಟಿಲಿ ಚೀಲವನ್ನು ಮಡಿಲಿಗೆ ಒತ್ತಿ ಹಿಡಿದಳು.

"ನಿನ್ನೂ ನೋಡ್ತಾನೇ ಇದೀನಿ. ಮೂಲೇಲಿ ಕೂತು ಎಲ್ಲರನ್ನೂ ಮನಸ್ಸಲ್ಲೇ ಉಗೀತಾ ಇರ್ತೀಯ. ಒಳಗೆ ಮಹಾರಾಣಿ, ಹೊರಗೆ ಬೆಕ್ಕಿನಮರಿ. ಡೆಲ್ಫಿನ್ ಹೆಸರಲ್ಲಿ ಸುಳ್ಳು ಬರೆಯೋವಾಗ ಎಲ್ಲಿ ಹೋಗಿತ್ತಮ್ಮ ಈ ಮಡಿ? ಫೆಬ್ರವರಿಯ ಹಿಮ ನಿಂದೇ ತಾನೆ? ನಾನು ಅದರ ಮೇಲೆ ಇಬ್ಬರು ಗಂಡಸರನ್ನ ನಿಲ್ಲಿಸಿದೆ, ಅಷ್ಟೇ."

ಅದು ನಾಟಿತು. ಅವಳು ಇವರನ್ನೆಲ್ಲ ಕಸವೆಂದು ಎಣಿಸಿದ್ದು ನಿಜ. ಆ ಕಸದ ತೊಟ್ಟಿಯ ಮುಚ್ಚಳದ ಮೇಲೆ ಕೂತು ದಿನಾ ಚೆಂದದ ಅಕ್ಷರದಲ್ಲಿ ಹೂಬಳ್ಳಿ ಬರೆದವಳು ತಾನೇ ಎಂಬುದೂ ಅಷ್ಟೇ ನಿಜ.

"ಸಹಿ ಹಾಕು. ಸೋಮವಾರದಿಂದ ಕಥಾ ವಿಭಾಗ. ಚಿತ್ರಕಥೆ ಬರೀಬೇಕು ಅಂತ ಆಸೆ ಅಲ್ವಾ ನಿಂಗೆ? ಪರದೆ ಮೇಲೆ ಹೆಸರು ಬರುತ್ತೆ. ಹಾಕಲಿಲ್ಲ ಅಂದ್ರೆ..." ಅವನು ಅವಳ ಮಡಿಲಿನ ಚೀಲವನ್ನು ಬೆರಳ ತುದಿಯಿಂದ ತಟ್ಟಿದ. "ಆ ಕಣಿವೆ ರಸ್ತೆ ಕೆಟ್ಟದ್ದು. ಪಾಪ, ನಿಮ್ಮ ಪಕ್ಕದ ಕೋಣೆಯೋರು ಹೋದ್ರಂತಲ್ಲ. ಕುಡೀತಿದ್ರಂತೆ."

"ಅವರು ಕುಡೀತಿರಲಿಲ್ಲ," ಎಂದು ಹೇಳಬೇಕೆಂದುಕೊಂಡಳು ಒಟಿಲಿ. ಬಾಯಿ ತೆರೆಯಿತು. ಕತ್ತು ಮೇಲೆ ಕೆಳಗೆ ಆಡಿತು.

"ಜಾಣೆ," ಎಂದು ಪ್ರೆಸ್ಕಾಟ್ ಎದ್ದ.

ಪತ್ರಿಕೆಯವರು ಬಂದರು. ಮೊದಲು ಜಿನ್ ಎಲ್ಲಿದೆ ಎಂದು ಕೇಳಿದರು, ಆಮೇಲೆ ಸುದ್ದಿ ಏನೆಂದು. ತಟ್ಟೆ ತಟ್ಟೆ ಕೋಳಿ ಸ್ಯಾಂಡ್‌ವಿಚ್ ಖಾಲಿಯಾಯಿತು. ಒಬ್ಬ ಡೆಲ್ಫಿನ್‌ಳ ಕೈಗೆ ಮುತ್ತಿಟ್ಟ, ಸಾಸಿವೆಯ ಗುರುತು ಉಳಿಯಿತು. ಅವಳು ಅದನ್ನು ಅವನ ಟೈಗೇ ಒರೆಸಿದಳು.

ಕೊನೆಗೆ ಬಂದವನು ಥಡಿಯಸ್ ಬ್ರಾಕ್, ಕೌಂಟಿಯ ಸರ್ಕಾರಿ ವಕೀಲ. ಪತ್ರಿಕೆಗಳ ಮುಖಪುಟದಲ್ಲಿ ಎಷ್ಟೋ ಸಲ ನೋಡಿದ ಮುಖ: ಅಗಲ ಗದ್ದ, ದೇವರ ಭಯ, ತಾಯಿಯ ಬಗ್ಗೆ ಮಾತು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದನ್ನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದ. ಫೆನ್‌ವಿಕ್ ಸೋತರೆ ಹೊಸ ಸರ್ಕಾರದಲ್ಲಿ ಇವನಿಗೆ ದೊಡ್ಡ ಕುರ್ಚಿ ಎಂದು ಊರೆಲ್ಲ ಮಾತಾಗಿತ್ತು.

"ಬನ್ನಿ ಸಾರ್, ಮುಂದೆ ಕೂತ್ಕೊಳ್ಳಿ," ಎಂದ ಪ್ರೆಸ್ಕಾಟ್.

ಸಾರ್.

ಒಟಿಲಿ ತಲೆ ಎತ್ತಿದಳು. ಬ್ರಾಕ್ ಅವಳತ್ತ ತಂದೆಯಂತೆ ಮುಗುಳ್ನಕ್ಕು, ಅವಳ ನೇರ ಮುಂದಿನ ಕುರ್ಚಿಯಲ್ಲಿ ಕೂತು, ಹ್ಯಾಟು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ದೀಪ ಆರಿತು.

ಮತ್ತೆ ಹಿಮ. ಮತ್ತೆ ಪೈನ್ ಮರ. ಕೊವಾಕ್ ಗಡ್ಡ ಹಾಕಿಕೊಂಡು ಮೆಟ್ಟಿಲು ಹತ್ತಿದ.

"ಮುದುಕ ಪರವಾಗಿಲ್ಲ ಕಣಯ್ಯ," ಎಂದ ಒಬ್ಬ ಪತ್ರಕರ್ತ ಬಾಯಿ ತುಂಬಿಕೊಂಡು. "ಭಾಷಣಕ್ಕಿಂತ ಸಿನಿಮಾದಲ್ಲೇ ಚೆನ್ನಾಗಿ ಕಾಣ್ತಾನೆ."

ಎಲ್ಲರೂ ನಕ್ಕರು. ಒಟಿಲಿ ಪರದೆ ನೋಡುತ್ತಿರಲಿಲ್ಲ. ಪೂರ್ತಿ ನೋಡಲು ಆಗುತ್ತಿರಲಿಲ್ಲ. ಮುಂದಿನ ಕುರ್ಚಿಯ ತಲೆ ಅಡ್ಡವಿತ್ತು. ಪರದೆಯ ಬಿಳಿ ಬೆಳಕಿಗೆ ಅಂಚು ಕಟ್ಟಿದ ಒಂದು ಕಪ್ಪು ತಲೆ, ಅದರ ಕೆಳಗೆ ಮಡಿಕೆ ಬಿದ್ದ ಕೊಬ್ಬಿದ ಕತ್ತು. ಎಡಗಿವಿಯ ಮೇಲಂಚು ಯಾವುದೋ ಹಳೆಯ ಫುಟ್‌ಬಾಲಿನ ಒದೆತಕ್ಕೆ ಚಪ್ಪಟೆಯಾಗಿತ್ತು.

ಪರದೆಯ ಮೇಲೆ ಜೂಜಿನ ಹಡಗುಗಳ ಒಡೆಯ ಬಂದು ಬೆನ್ನು ತಿರುಗಿಸಿ ನಿಂತ.

ಈಗ ಒಂದರ ಪಕ್ಕ ಒಂದು, ಎರಡು ಕತ್ತುಗಳಿದ್ದವು. ದೊಡ್ಡದೊಂದು, ಚಿಕ್ಕದೊಂದು.

ಕೋಣೆಯಲ್ಲಿದ್ದವರೆಲ್ಲ ಫೆನ್‌ವಿಕ್‌ನ ಗಡ್ಡವನ್ನು ನೋಡುತ್ತಿದ್ದರು. ಬ್ರಾಕ್ ಮಾತ್ರ ನೋಡುತ್ತಿರಲಿಲ್ಲ. ಅವನು ಕುರ್ಚಿಯ ಅಂಚಿಗೆ ಸರಿದು, ಮುಂದಕ್ಕೆ ಬಾಗಿ, ಪರದೆಯ ಆ ಬೆನ್ನನ್ನೇ ನೋಡುತ್ತಿದ್ದ. ಮದುವೆಯ ಫೋಟೋದಲ್ಲಿ ತನ್ನನ್ನು ಹುಡುಕುವ ಮದುಮಗನಂತೆ. ತಲೆಯನ್ನು ಕೊಂಚ ಓರೆ ಮಾಡಿದ. ತಾನು ಹಿಂದಿನಿಂದ ಹೇಗೆ ಕಾಣುತ್ತೇನೆಂಬ ಕುತೂಹಲ. ಬಹುಶಃ ಮೆಚ್ಚಿಗೆಯೂ.

ಪರದೆಯ ಮೇಲೆ ಒಡೆಯನ ಕೈ ಎಡಗಿವಿಯ ತುದಿಗೆ ಹೋಯಿತು.

ಕುರ್ಚಿಯ ಮೇಲೆ ಬ್ರಾಕ್‌ನ ಕೈಯೂ ಎಡಗಿವಿಯ ತುದಿಗೆ ಹೋಯಿತು.

ಒಟಿಲಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಭಯವೆಂದುಕೊಂಡಳು. ಅಲ್ಲ. ಅದು ಅಸಹ್ಯ. ಕೊವಾಕ್‌ನನ್ನು ಕೊನೆಯ ಸಲ ಕಾರಿನಲ್ಲಿ ಕೂರಿಸಿಕೊಂಡ ಮನುಷ್ಯನಿಗೆ ಕೊವಾಕ್‌ನ ಮುಖ ಅಷ್ಟು ದೊಡ್ಡದಾಗಿ ಎದುರಿಗಿದ್ದರೂ ಕಾಣುತ್ತಿರಲಿಲ್ಲ. ಅವನಿಗೆ ಅವನ ಬೆನ್ನು ಬೇಕಾಗಿತ್ತು.

ದೀಪ ಹತ್ತಿತು. ಪೆನ್ಸಿಲುಗಳು ಹೊರಬಂದವು.

"ಮಿಸ್ ಹೇಲ್ ಬಳಲಿದಾರೆ," ಎಂದು ಪ್ರೆಸ್ಕಾಟ್ ಶುರು ಮಾಡಿದ. "ಅವರ ಗೆಳತಿ ಜೊತೇಲೇ ಇದ್ರು. ಓದಿದ ಹುಡುಗಿ, ಪಾದ್ರಿಗಳ ಮನೆತನ, ಸುಳ್ಳು ಅಂದ್ರೆ ಏನೂಂತ ಗೊತ್ತಿಲ್ಲ. ವಕೀಲರು ನಿಮ್ಮೆದುರಿಗೇ ಕೇಳ್ತಾರೆ, ಬರ್ಕೊಳ್ಳಿ."

ಬ್ರಾಕ್ ಎದ್ದು ನಿಂತು ಕೋಟು ಜಗ್ಗಿಕೊಂಡ. ಒಬ್ಬ ಛಾಯಾಗ್ರಾಹಕ ಕ್ಯಾಮೆರಾ ಎತ್ತುವುದನ್ನು ಓರೆಗಣ್ಣಲ್ಲಿ ನೋಡಿ, ಒಳ್ಳೆಯ ಪಕ್ಕ ಸಿಗುವಂತೆ ಗದ್ದ ತಿರುಗಿಸಿದ.

"ಹೆದರ್ಕೋಬೇಡಮ್ಮ," ಎಂದ. ದನಿಯಲ್ಲಿ ಜೇನಿತ್ತು. "ನಂಗೂ ನಿನ್ನಂಥ ಮಗಳಿದಾಳೆ. ಇಷ್ಟೇ ಕೇಳೋದು. ಆ ದಿನ ಆ ಮೆಟ್ಟಿಲ ಹತ್ರ ನೀನಿದ್ದೆ. ಅಲ್ಲಿ ಯಾರು ನಿಂತಿದ್ರು ಅನ್ನೋದನ್ನ ನಿನ್ನ ಕಣ್ಣಾರೆ ಕಂಡೆ. ಹೌದು ತಾನೆ?"

ಪ್ರೆಸ್ಕಾಟ್ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಹಿಂದಿನ ಸಾಲಿನಲ್ಲಿ ಡೆಲ್ಫಿನ್ ಕಣ್ಣು ಬಿಟ್ಟಿದ್ದಳು.

ಒಟಿಲಿಗೆ ತನ್ನ ಕತ್ತು ಹೊರಡುವುದು ಗೊತ್ತಾಯಿತು. ಎಂದಿನಂತೆ, ಅವಳನ್ನು ಕೇಳದೆ, ವಿಧೇಯವಾಗಿ. ಅವಳು ಕೈ ಎತ್ತಿ ಹಿಂಗತ್ತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇರೆ ಯಾರದೋ ಕತ್ತನ್ನು ಹಿಡಿದ ಹಾಗೆ. ಪತ್ರಕರ್ತನೊಬ್ಬ ಅದನ್ನು ಕಂಡು ನಕ್ಕ. ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ ಬೆವರಿಗೆ ಜಾರುತ್ತಿತ್ತು.

"ಹೌದು ಅನ್ನಮ್ಮ," ಎಂದ ಬ್ರಾಕ್. ಅವನ ಕೈ ಎಡಗಿವಿಗೆ ಹೋಯಿತು.

ಒಟಿಲಿ ಆ ಕೈಯನ್ನು ನೋಡಿದಳು. ಆಮೇಲೆ ಮೊದಲ ಸಲ, ಅವನ ಮುಖವನ್ನು.

"ನಾನು ಅಲ್ಲಿರಲಿಲ್ಲ," ಎಂದಳು. ದನಿ ತೀರಾ ಸಣ್ಣದಿತ್ತು, ಆದರೆ ಪೆನ್ಸಿಲುಗಳು ನಿಂತವು. "ನೀವಿದ್ರಿ."